ಟ್ರೈಲರ್ ಗಾಡಿಯ ಟೈರುಗಳು: ಆಯ್ಕೆಯೂ ಪಾಲನೆಯೂ

ಗಾಡಿ ಹೊಡೆಯುವವನಿಗೆ ಎತ್ತುಗಳ ಮೇಲೆ ಇರುವಷ್ಟು ಅಕ್ಕರೆ ಗಾಲಿಗಳ ಮೇಲೆ ಇರುವುದಿಲ್ಲ. ಎತ್ತು ಸೊರಗಿದರೆ ಕಣ್ಣಿಗೆ ಕಾಣುತ್ತದೆ. ಗಾಲಿ ಸೊರಗಿದ್ದು ಅದು ಮುರಿದುಬಿದ್ದ ಮೇಲೆಯೇ ತಿಳಿಯುತ್ತದೆ. ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರೂ ಜೀಪೂ ಬಂದ ಮೇಲೆಯೂ ಈ ಪಕ್ಷಪಾತವು ತಪ್ಪಲಿಲ್ಲ. ಎಂಜಿನ್ನಿಗೆ ಕಾಲಕಾಲಕ್ಕೆ ತಪ್ಪದೆ ಎಣ್ಣೆ ಬದಲಾಯಿಸತಕ್ಕ ಯಜಮಾನರು ಹಿಂದೆ ಕಟ್ಟಿದ ಟ್ರೈಲರಿನ ಟೈರುಗಳ ಕಡೆಗೆ ವರ್ಷಕ್ಕೊಮ್ಮೆಯೂ ಬಾಗಿ ನೋಡುವುದಿಲ್ಲ. ಹೇರಿನ ಭಾರದಲ್ಲಿ ಬಹುಪಾಲನ್ನು ಹೊತ್ತು ನಡೆಯತಕ್ಕವು ಆ ಟೈರುಗಳೇ ಎಂಬುದು ಮರೆತುಹೋಗುತ್ತದೆ. ಅವುಗಳನ್ನು ಆರಿಸುವ ಬಗೆ, ಕಾಪಾಡುವ ಬಗೆ, ಇವೆರಡನ್ನೂ ಈ ಹೊತ್ತು ವಿಚಾರಮಾಡೋಣ.

ಪಟ್ಟಣವಾಸಿಗಳಾದ ಶ್ರೋತೃಗಳು, ಇದು ರೈತರ ವಿಷಯ, ತಮಗೇನು ಸಂಬಂಧ ಎಂದು ಭಾವಿಸಬಹುದು. ಸಂಬಂಧವು ಬೇಕಾದಷ್ಟಿದೆ. ಬೇಸಗೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ನೀರು ತರುವ ತೊಟ್ಟಿಗಳಲ್ಲಿ ಅನೇಕವು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೈಲರುಗಳು. ಮನೆ ಕಟ್ಟಿಸುವವರಿಗೆ ಇಟ್ಟಿಗೆ, ಮರಳು, ಜಲ್ಲಿಗಳು ಬರುವುದೂ ಎಷ್ಟೋ ಕಡೆ ಇವುಗಳಲ್ಲಿಯೇ. ಮಂಡ್ಯದ ಸಕ್ಕರೆ ಕಾರ್ಖಾನೆಯು ೧೯೩೩ರಲ್ಲಿ ಸ್ಥಾಪಿತವಾದಾಗ ಕಬ್ಬನ್ನು ಎತ್ತಿನ ಗಾಡಿಗಳು ತರುತ್ತಿದ್ದುವು; ಈಗ ಆ ಸೀಮೆಯಲ್ಲಿ ಕಬ್ಬಿನ ಕಾಲ ಬಂತೆಂದರೆ ತಲೆಯೆತ್ತರಕ್ಕೂ ಮೀರಿ ಹೇರಿದ ಟ್ರೈಲರುಗಳು ಮೋಟಾರುಗಳ ಪಕ್ಕದಲ್ಲಿಯೇ ಸಾಗುತ್ತವೆ. ಅಂಥ ಒಂದು ಹೇರಿನ ಟೈರು ರಾತ್ರಿಯ ವೇಳೆ ಒಡೆದು ಗಾಡಿ ವಾಲಿದರೆ ಅದರ ಫಲವನ್ನು ಉಣ್ಣತಕ್ಕವರು ಗಾಡಿಯವರು ಮಾತ್ರವಲ್ಲ; ಹಿಂದಿನಿಂದ ಬರುವ ನಾವೂ ನೀವೂ ಕೂಡ. ಇದಲ್ಲದೆ ಹಳ್ಳಿಯಲ್ಲಿ ಜಮೀನನ್ನಿಟ್ಟುಕೊಂಡು ಟ್ರೈಲರನ್ನು ಕೊಳ್ಳತಕ್ಕ ಪಟ್ಟಣಿಗರೂ, ಜೀಪಿನ ಹಿಂದೆ ಸಣ್ಣ ಗಾಡಿಯನ್ನು ಕಟ್ಟಿ ಸಾಮಾನು ಸಾಗಿಸುವವರೂ ನಮ್ಮಲ್ಲಿ ಇಲ್ಲದಿಲ್ಲ.

ಮೊದಲು ಟೈರಿನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಂದುವರಿಯುವೆವು. ಹಸಿ ರಬ್ಬರು ಬಿಸಿಲಿಗೆ ಅಂಟಾಗಿ ಚಳಿಗೆ ಪೆಡಸಾಗತಕ್ಕ ಪದಾರ್ಥ. ಅದಕ್ಕೆ ಗಂಧಕವನ್ನು ಬೆರಸಿ ಕಾಯಿಸಿದರೆ ಗಟ್ಟಿತನವೂ ಪುಟಿಯುವ ಗುಣವೂ ಸ್ಥಿರವಾಗಿ ನಿಲ್ಲುವುವೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ೧೮೩೯ರಲ್ಲಿ ಕಂಡುಕೊಂಡನು. ಗಾಳಿ ತುಂಬಿದ ಟೈರಿಗೆ ಮೊದಲು ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್. ಅದು ೧೮೪೫ರ ಮಾತು. ಆ ಕಾಲದ ಕುದುರೆಗಾಡಿಗಳಿಗೆ ಅದು ಹಿಡಿಸಲಿಲ್ಲ. ಮುಂದೆ ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲಿಗಾಗಿ ಮಾಡಿದ ಟೈರು ಲೋಕವನ್ನೆಲ್ಲ ವ್ಯಾಪಿಸಿತು. ಆತನ ಹೆಸರಿನ ಕಂಪೆನಿಯು ೧೯೩೬ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆಯನ್ನು ತೆರೆದ ಮೇಲೆ ಟೈರು ನಮ್ಮ ದೇಶದಲ್ಲಿಯೇ ತಯಾರಾಗತೊಡಗಿತು. ಕಬ್ಬಿಣದ ಪಟ್ಟಿಯ ಗಾಲಿ ರಸ್ತೆಯನ್ನು ಕೊರೆಯುತ್ತದೆ. ಗಾಳಿಯ ಟೈರು ರಸ್ತೆಗೆ ಹಾಸಿಕೊಂಡು ಉರುಳುತ್ತದೆ. ಆದುದರಿಂದಲೇ ಟೈರುಗಾಡಿ ಬಂದಮೇಲೆ ಅದೇ ಜೋಡಿ ಎತ್ತುಗಳು ಹೆಚ್ಚಿನ ಹೇರನ್ನು ಎಳೆಯಬಲ್ಲವಾದುವು.

ಈಗ ಮುಖ್ಯವಾದ ತತ್ತ್ವಕ್ಕೆ ಬರೋಣ. ಟೈರಿನ ಮೇಲಿನ ಭಾರವನ್ನು ಹೊರುವುದು ಯಾವುದು? ರಬ್ಬರು ಎಂದು ಸಾಮಾನ್ಯರ ತಿಳಿವಳಿಕೆ. ನಿಜವಾಗಿ ಹೊರುವುದು ಒಳಗೆ ಒತ್ತಿಟ್ಟ ಗಾಳಿ. ರಬ್ಬರೂ ಅದರೊಳಗೆ ಹುದುಗಿಸಿದ ನೂಲಿನ ಪದರಗಳೂ ಆ ಗಾಳಿಯನ್ನು ಹಿಡಿದಿಡತಕ್ಕ ಚೀಲ ಮಾತ್ರ. ಒಂದು ಉದಾಹರಣೆಯನ್ನು ತೆಗೆದುಕೊಳ್ಳಿ. ಒಂದು ಗಾಲಿಯ ಮೇಲೆ ೨,೦೦೦ ಕಿಲೋಗ್ರಾಂ ಭಾರವಿದೆ. ಟೈರಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ೪ ಕಿಲೋ ಒತ್ತಡವಿದೆ. ಗಾಳಿ ಹಾಕುವವರ ಲೆಕ್ಕದಲ್ಲಿ ಇದು ಸುಮಾರು ೫೭ ಪೌಂಡು. ಟೈರಿನ ಗೋಡೆಯ ಗಡಸುತನವನ್ನು ಸದ್ಯಕ್ಕೆ ಗಣಿಸದೆ ಬಿಟ್ಟರೆ, ಈ ಭಾರವನ್ನು ಹೊರಲು ನೆಲಕ್ಕೆ ತಾಗಿದ ಭಾಗವು ೫೦೦ ಚದರ ಸೆಂಟಿಮೀಟರ್ ಇರಬೇಕು. ಗಾಳಿಯು ಸೋರಿ ೩ ಕಿಲೋ ಒತ್ತಡಕ್ಕೆ ಇಳಿಯಿತೆನ್ನಿ. ಭಾರವೇನೂ ಇಳಿಯಲಿಲ್ಲ, ಆದುದರಿಂದ ತಾಗುವ ಭಾಗವು ಸುಮಾರು ೬೬೭ ಚದರ ಸೆಂಟಿಮೀಟರಿಗೆ ಏರಲೇಬೇಕು. ಟೈರು ಕುಗ್ಗಿ, ಅದರ ಪಕ್ಕದ ಗೋಡೆಗಳು ಹೊರಕ್ಕೆ ಉಬ್ಬಿ ಮಡಿಯದೆ ಹೀಗಾಗಲಾರದು.

ಈ ಮಡಿಕೆಯೇ ಸಕಲ ಅನರ್ಥಗಳಿಗೆ ಮೂಲ. ಎರಡೂಮುಕ್ಕಾಲು ಮೀಟರ್ ಸುತ್ತಳತೆಯ ಗಾಲಿಯು ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ೩೬೦ಕ್ಕೂ ಹೆಚ್ಚು ಸಲ ಸುತ್ತುತ್ತದೆ. ಪ್ರತಿಯೊಂದು ಸುತ್ತಿಗೂ ಗೋಡೆಯ ಪ್ರತಿಯೊಂದು ಭಾಗವು ಒಮ್ಮೆ ಮಡಿದು ಒಮ್ಮೆ ನೆಟ್ಟಗಾಗುತ್ತದೆ. ತಂತಿಯ ತುಂಡನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಅದು ಬಿಸಿಯಾಗಿ ಕೊನೆಗೆ ತುಂಡಾಗುವುದನ್ನು ಹುಡುಗರೂ ಬಲ್ಲರು. ರಬ್ಬರಿನಲ್ಲಿಯೂ ಮಡಿಸಿದ ಶಕ್ತಿಯ ಒಂದು ಅಂಶವು ಕಾವಾಗಿ ಉಳಿಯುತ್ತದೆ. ರಬ್ಬರು ಕಾವನ್ನು ಬೇಗನೆ ಹೊರಕ್ಕೆ ಬಿಡತಕ್ಕ ವಸ್ತುವೂ ಅಲ್ಲ. ಹೀಗೆ ಒಳಗೇ ಕೂಡಿದ ಕಾವಿನಿಂದ ಪದರಗಳ ಅಂಟು ಸಡಿಲುತ್ತದೆ, ನೂಲು ಬಲಗುಂದುತ್ತದೆ, ಒಂದು ದಿನ ಟೈರು ಸಿಡಿಯುತ್ತದೆ. ಸಿಡಿದ ದಿನ ಗಾಳಿ ಸರಿಯಾಗಿಯೇ ಇದ್ದಿರಬಹುದು. ಹಿಂದೆ ಕಡಿಮೆ ಗಾಳಿಯಲ್ಲಿ ಓಡಿದ ದಿನಗಳ ಸಾಲವನ್ನು ಅದು ಆ ದಿನ ತೀರಿಸಿತು, ಅಷ್ಟೆ.

ಟ್ರೈಲರಿನ ವಿಷಯದಲ್ಲಿ ಇದಕ್ಕೆ ಮತ್ತೊಂದು ಅಪಾಯವು ಕೂಡಿಕೊಳ್ಳುತ್ತದೆ. ಮೋಟಾರಿನ ಮುಂದಿನ ಟೈರಿನಲ್ಲಿ ಗಾಳಿ ಇಳಿದರೆ ಚುಕ್ಕಾಣಿಯು ಒಂದು ಕಡೆಗೆ ಎಳೆಯುತ್ತದೆ. ನಡೆಸುವವನ ಕೈಗೆ ಅದು ತಿಳಿಯುತ್ತದೆ. ಟ್ರೈಲರಿನ ಗಾಲಿಯು ಅವನ ಬೆನ್ನ ಹಿಂದೆ ಎಷ್ಟೋ ಅಡಿ ದೂರದಲ್ಲಿದೆ. ಎಂಜಿನ್ನಿನ ಸದ್ದಿನಲ್ಲಿ ಅದರ ಸದ್ದು ಕೇಳಿಸದು. ಚುಕ್ಕಾಣಿಗೆ ಅದರ ಸುದ್ದಿ ಮುಟ್ಟದು. ಇಳಿದುಹೋದ ಟೈರು ಮೈಲುಗಟ್ಟಲೆ ಉರುಳಿ, ಹೊಗೆಯೆದ್ದು, ಹಿಂದೆ ಬಂದವರು ಕೂಗಿ ಹೇಳಿದ ಮೇಲೆ ಅವನಿಗೆ ಗೊತ್ತಾಗುವುದುಂಟು. ಆದುದರಿಂದ ಹೊರಡುವ ಮುಂಚೆ ಮಾಡತಕ್ಕ ಪರೀಕ್ಷೆಯು ಟ್ರೈಲರಿಗೆ ಮೋಟಾರಿಗಿಂತಲೂ ಹೆಚ್ಚು ಅವಶ್ಯ.

ಇನ್ನು ಆಯ್ಕೆ. ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ಲೆಕ್ಕ ಮಾಡಿಕೊಳ್ಳಬೇಕು. ೩,೦೦೦ ಲೀಟರ್ ನೀರು ಹಿಡಿಯುವ ಎರಡು ಗಾಲಿಯ ಟ್ರೈಲರ್ ಇದೆಯೆನ್ನಿ. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಆದುದರಿಂದ ನೀರೇ ೩,೦೦೦ ಕಿಲೋ. ತೊಟ್ಟಿಯೂ ಚೌಕಟ್ಟೂ ಗಾಲಿಗಳೂ ಸೇರಿ ಗಾಡಿಯ ಸ್ವಂತ ತೂಕ ೧,೦೦೦ ಕಿಲೋ ಎಂದಿಟ್ಟುಕೊಂಡರೆ ಒಟ್ಟು ೪,೦೦೦ ಆಯಿತು. ಗಾಲಿಯೊಂದಕ್ಕೆ ೨,೦೦೦. ಮೂಕಿಯ ಮೂಲಕ ಟ್ರ್ಯಾಕ್ಟರಿನ ಮೇಲೆಯೂ ಕೊಂಚ ಭಾರ ಬೀಳುವುದು ನಿಜ. ಆದರೆ ಅದನ್ನು ಕಳೆಯದೆ ಬಿಡುವುದು ಕ್ಷೇಮ. ರಸ್ತೆಯು ಒಂದು ಕಡೆಗೆ ಇಳಿಜಾರಾಗಿರುತ್ತದೆ. ತೊಟ್ಟಿಯಲ್ಲಿ ನೀರು ತುಳುಕುತ್ತದೆ. ಗುಂಡಿಗೆ ಬಿದ್ದಾಗ ಭಾರವೆಲ್ಲ ಒಂದೇ ಗಾಲಿಯ ಮೇಲೆ ಒರಗುತ್ತದೆ. ಹತ್ತರಲ್ಲೊಂದು ಪಾಲನ್ನಾದರೂ ಇದಕ್ಕಾಗಿ ಸೇರಿಸಿ ೨,೨೦೦ ಕಿಲೋ ಹೊರತಕ್ಕ ಟೈರು ಬೇಕೆಂದು ನಿಶ್ಚಯಿಸಬೇಕು. ಕಬ್ಬು, ಹುಲ್ಲು ಮೊದಲಾದ ಎತ್ತರದ ಹೇರಿಗೆ ಇನ್ನೂ ಹೆಚ್ಚಿನ ಅಂತರವನ್ನು ಇಟ್ಟುಕೊಳ್ಳುವುದು ಲೇಸು.

ಇಷ್ಟಾದ ಮೇಲೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕೆಗಳನ್ನು ಓದಲು ಕಲಿಯಬೇಕು. ಅಲ್ಲಿ ಬರೆದುದೆಲ್ಲ ಕೊಳ್ಳುವವನಿಗಾಗಿಯೇ ಬರೆದದ್ದು. ಓದತಕ್ಕವರು ಮಾತ್ರ ವಿರಳ. ೯.೦೦–೧೬ ಎಂದಿದ್ದರೆ ಟೈರಿನ ಅಗಲವು ಸುಮಾರು ೯ ಅಂಗುಲ, ಅದು ಕೂಡತಕ್ಕ ಉಕ್ಕಿನ ಚಕ್ರದ ವ್ಯಾಸವು ೧೬ ಅಂಗುಲ ಎಂದರ್ಥ. ನಮ್ಮ ಟ್ರ್ಯಾಕ್ಟರ್ ಟ್ರೈಲರುಗಳಲ್ಲಿ ಇದು ಬಹುವಾಗಿ ಬಳಕೆಯಲ್ಲಿರುವ ಅಳತೆ. ಪಕ್ಕದಲ್ಲಿ ೧೪ ಪಿ.ಆರ್. ಅಥವಾ ೧೬ ಪಿ.ಆರ್. ಎಂದಿರುತ್ತದೆ. ಇದು ಪದರಗಳ ಬಲವನ್ನು ಸೂಚಿಸುವ ಅಂಕೆ. ಹಿಂದೆ ಹತ್ತಿಯ ನೂಲಿನ ಪದರಗಳನ್ನು ಎಣಿಸಿ ಹೇಳುತ್ತಿದ್ದರು. ಈಗ ನೈಲಾನಿನಂಥ ಗಟ್ಟಿ ನೂಲು ಬಂದುದರಿಂದ ಪದರಗಳು ಕಡಮೆಯಾದರೂ ಬಲವು ಅಷ್ಟೇ ಪದರಗಳಿಗೆ ಸಮನೆಂದು ಭಾವ. ಅಳತೆಯೊಂದೇ ಆದರೂ ಈ ಅಂಕೆ ಕಡಮೆಯಾದರೆ ಹೊರುವ ಶಕ್ತಿಯೂ ಕಡಮೆ. ಬೆಲೆಯನ್ನು ಮಾತ್ರ ನೋಡಿ ಕೊಳ್ಳುವವರು ಮೋಸಹೋಗುವುದು ಇಲ್ಲಿ.

ಇದರ ಬಳಿ ‘೧೩೬ ಎ ೮’ ಎಂಬಂಥ ಗುರುತೂ ಇರಬಹುದು. ಮೊದಲನೆಯದು ಭಾರದ ಸಂಕೇತ. ಅದು ಕಿಲೋಗಳ ಲೆಕ್ಕವಲ್ಲ. ಪಟ್ಟಿಯನ್ನು ನೋಡಿ ತಿಳಿಯತಕ್ಕದ್ದು. ೧೩೦ಕ್ಕೆ ೧,೯೦೦ ಕಿಲೋ, ೧೩೬ಕ್ಕೆ ೨,೨೪೦ ಕಿಲೋ, ೧೪೦ಕ್ಕೆ ೨,೫೦೦ ಕಿಲೋ. ನಾವು ಲೆಕ್ಕ ಹಾಕಿದ ನೀರಿನ ಗಾಡಿಗೆ ೧೩೬ಕ್ಕೆ ಕಡಮೆಯಾದದ್ದು ಸಲ್ಲದೆಂದಾಯಿತು. ‘ಎ ೮’ ಎಂಬುದು ವೇಗದ ಸಂಕೇತ: ಗಂಟೆಗೆ ೪೦ ಕಿಲೋಮೀಟರ್. ‘ಎಫ್’ ಎಂದಿದ್ದರೆ ೮೦, ‘ಜೆ’ ಎಂದಿದ್ದರೆ ೧೦೦. ಹೊರುವ ಶಕ್ತಿಯನ್ನು ಹೇಳಿರುವುದು ಆ ವೇಗದ ಮಿತಿಯೊಳಗೆ ಎಂಬುದನ್ನು ಮರೆಯಬಾರದು. ಹೊಲದ ಟ್ರೈಲರಿಗೆಂದು ಮಾಡಿದ ಟೈರನ್ನು ಜೀಪಿನ ಹಿಂದಣ ಗಾಡಿಗೆ ಹಾಕಿ ಹೆದ್ದಾರಿಯಲ್ಲಿ ಓಡಿಸುವುದು, ಎತ್ತನ್ನು ಕುದುರೆಯ ಪಂದ್ಯಕ್ಕೆ ನಿಲ್ಲಿಸಿದಂತೆ. ಕಾರಿನ ಹಳೆಯ ಟೈರುಗಳನ್ನು ಸಣ್ಣ ಟ್ರೈಲರಿಗೆ ಹಾಕುವುದೂ ಅಷ್ಟೇ ಅವಿವೇಕ. ಅವುಗಳ ಗೋಡೆಗಳು ಮೃದು. ಭಾರಕ್ಕೆ ಬಳುಕಿ ಗಾಡಿಯು ಬಾಲದಂತೆ ತೂಗಾಡುತ್ತದೆ.

ಟೈರುಗಳಲ್ಲಿ ಎರಡು ಜಾತಿಗಳುಂಟು. ಒಂದರಲ್ಲಿ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟಿ ಹೋಗುತ್ತವೆ. ಇನ್ನೊಂದರಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹಾಯ್ದು, ಅದರ ಮೇಲೆ ಬಿಗಿಯಾದ ಪಟ್ಟಿಗಳು ಸುತ್ತಿಕೊಂಡಿರುತ್ತವೆ. ಎರಡನೆಯದಕ್ಕೆ ರೇಡಿಯಲ್ ಎಂದು ಹೆಸರು. ಫ್ರಾನ್ಸಿನ ಮಿಷೆಲಿನ್ ಕಂಪೆನಿಯು ಅದಕ್ಕೆ ೧೯೪೬ರಲ್ಲಿ ಹಕ್ಕುಪತ್ರ ಪಡೆಯಿತು. ಹೆದ್ದಾರಿಯಲ್ಲಿ ದೂರ ಓಡುವ ಗಾಡಿಗೆ ರೇಡಿಯಲ್ ಮೇಲು: ಕಾವು ಕಡಮೆ, ಎಳೆತ ಹಗುರ, ಬಾಳಿಕೆ ಹೆಚ್ಚು. ಕಲ್ಲುಮುಳ್ಳುಗಳ ಹೊಲದ ದಾರಿಯಲ್ಲಿ ನಿಧಾನವಾಗಿ ಹೋಗುವ ಗಾಡಿಗೆ ಓರೆನೂಲಿನ ಟೈರು ಸಾಕು. ಅದರ ಗೋಡೆ ಗಡುಸು, ಬೆಲೆಯೂ ಇಳಿವು. ಒಂದೇ ಅಚ್ಚಿನ ಎರಡು ತುದಿಗಳಿಗೆ ಒಂದೊಂದು ಜಾತಿಯದನ್ನು ಮಾತ್ರ ಹಾಕಬಾರದು. ಹೊಸದೊಂದು ಸವೆದದ್ದೊಂದು ಎಂಬ ಜೋಡಿಯೂ ಸಲ್ಲದು. ಎತ್ತರ ಹೆಚ್ಚುಕಡಮೆಯಾಗಿ ಭಾರವು ಒಂದು ಕಡೆಗೆ ವಾಲುತ್ತದೆ.

ಕೊಳ್ಳುವಾಗ ವಯಸ್ಸನ್ನೂ ವಿಚಾರಿಸಬೇಕು. ೨೦೦೦ದಿಂದೀಚೆಗೆ ಮಾಡಿದ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕೆಗಳ ಗುರುತಿರುವುದು ರೂಢಿ. ೨೩೨೧ ಎಂದಿದ್ದರೆ ೨೦೨೧ರ ೨೩ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಹಲವು ವರ್ಷ ಕುಳಿತ ಟೈರು ನೋಡಲು ಹೊಸದಾಗಿದ್ದರೂ ಗುಣದಲ್ಲಿ ಮುದಿಯಾಗಿರುತ್ತದೆ. ರಿಸೋಲ್ ಮಾಡಿಸಿದ ಟೈರು ಕೊಳ್ಳಬಹುದೆ ಎಂದು ಕೇಳುವವರುಂಟು. ಒಡಲು ಗಟ್ಟಿಯಾಗಿದ್ದರೆ ಮೇಲ್ಪದರವನ್ನು ಹೊಸದಾಗಿ ಕೂಡಿಸುವುದರಲ್ಲಿ ದೋಷವಿಲ್ಲ, ದುಡ್ಡೂ ಉಳಿಯುತ್ತದೆ. ಒಡಲಿನ ಪೂರ್ವಚರಿತ್ರೆ ತಿಳಿಯದಿದ್ದರೆ ಭಾರದ ಗಾಡಿಗೆ ಅದನ್ನು ನಂಬಲಾಗದು.

ಇನ್ನು ಪಾಲನೆಯ ಮಾತು. ಮೊದಲನೆಯದೂ ಕೊನೆಯದೂ ಗಾಳಿಯೇ. ಟೈರು ತಣ್ಣಗಿರುವಾಗ, ಎಂದರೆ ಬೆಳಗ್ಗೆ ಹೊರಡುವುದಕ್ಕೆ ಮುಂಚೆ, ಗಾಳಿಯನ್ನು ಅಳೆಯಬೇಕು. ಕಾಲಿನಿಂದ ಒದ್ದು ನೋಡುವುದೂ ಕೋಲಿನಿಂದ ಬಡಿದು ನೋಡುವುದೂ ಅಳತೆಯಲ್ಲ; ದಪ್ಪ ಗೋಡೆಯ ಟೈರು ಅರ್ಧ ಗಾಳಿಯಲ್ಲಿಯೂ ಗಟ್ಟಿಯಾಗಿಯೇ ತೋರುತ್ತದೆ. ಅಳೆಯುವ ಸಣ್ಣ ಉಪಕರಣವೊಂದನ್ನು ಗಾಡಿಯವನ ಕೈಗೆ ಕೊಡಿಸುವುದು ಯಜಮಾನನ ಧರ್ಮ. ಎಷ್ಟು ಪೌಂಡು ಬೇಕೆಂಬುದನ್ನು ತಯಾರಕರ ಪಟ್ಟಿಯಲ್ಲಿ ಹೇರಿಗೆ ಅನುಗುಣವಾಗಿ ಕೊಟ್ಟಿರುತ್ತದೆ. ಪಕ್ಕದ ಅಂಗಡಿಯವನ ಅಂದಾಜನ್ನು ಪ್ರಮಾಣವಾಗಿ ಹಿಡಿಯಬಾರದು.

ದಾರಿಯಲ್ಲಿ ನಿಂತಾಗ ಟೈರು ಬಿಸಿಯಾಗಿ ಗಾಳಿ ಹೆಚ್ಚಾಗಿದೆಯೆಂದು ಕೆಲವರು ಸ್ವಲ್ಪ ಬಿಟ್ಟುಬಿಡುತ್ತಾರೆ. ಇದು ದೊಡ್ಡ ತಪ್ಪು. ೨೫ ಡಿಗ್ರಿಯಲ್ಲಿ ೬೦ ಪೌಂಡು ಇದ್ದ ಗಾಳಿಯು ೫೫ ಡಿಗ್ರಿಗೆ ಕಾದಾಗ ಸುಮಾರು ೬೭ ಪೌಂಡಿಗೆ ಏರುವುದು ಪ್ರಕೃತಿನಿಯಮ. ತಯಾರಕರು ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ತಣ್ಣನೆಯ ಅಳತೆಯನ್ನು ಹೇಳಿರುತ್ತಾರೆ. ಬಿಸಿಯಲ್ಲಿ ಗಾಳಿ ಬಿಟ್ಟವನ ಟೈರು ಮರುದಿನ ಬೆಳಗ್ಗೆ ಕಡಮೆ ಗಾಳಿಯಲ್ಲಿ ನಿಂತಿರುತ್ತದೆ. ಅಂದು ಇನ್ನೂ ಹೆಚ್ಚು ಮಡಿದು ಇನ್ನೂ ಹೆಚ್ಚು ಕಾಯುತ್ತದೆ.

ಟೈರು ಸವೆದ ರೀತಿಯನ್ನು ನೋಡಿದರೆ ವೈದ್ಯನು ನಾಡಿ ನೋಡಿದಂತೆ ರೋಗವನ್ನು ಹೇಳಬಹುದು. ಎರಡು ಅಂಚುಗಳೂ ಸವೆದು ನಡುವು ಉಳಿದಿದ್ದರೆ ಗಾಳಿ ಕಡಮೆ ಅಥವಾ ಹೇರು ಹೆಚ್ಚು. ನಡುವು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅಚ್ಚು ಬಾಗಿದೆ ಅಥವಾ ಚೌಕಟ್ಟಿಗೆ ಓರೆಯಾಗಿ ಕೂತಿದೆ. ಅಲ್ಲಿ ಹೊಸ ಟೈರು ಹಾಕಿ ಫಲವಿಲ್ಲ, ಅಚ್ಚನ್ನೇ ಸರಿಮಾಡಿಸಬೇಕು. ಅಲ್ಲಲ್ಲಿ ತಗ್ಗುದಿಣ್ಣೆಯಾಗಿ ಸವೆದಿದ್ದರೆ ಬೇರಿಂಗು ಸಡಿಲವಾಗಿರುವ ಸಂಭವ ಹೆಚ್ಚು. ಗೋಡೆಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ. ಆ ಟೈರನ್ನು ಮತ್ತೊಂದು ಹೇರಿಗೂ ಉಪಯೋಗಿಸತಕ್ಕದ್ದಲ್ಲ. ಮೇಲ್ಮೈಯ ಗೀರುಗಳ ಆಳವು ೧.೬ ಮಿಲಿಮೀಟರಿಗಿಂತ ಕಡಮೆಯಾದರೆ ಮಳೆಯ ನೀರು ಹರಿದುಹೋಗಲು ದಾರಿಯಿಲ್ಲದೆ ಗಾಲಿಯು ಜಾರುತ್ತದೆ.

ಟ್ರೈಲರಿನ ಟೈರುಗಳು ಓಡಿ ಸಾಯುವುದಕ್ಕಿಂತ ನಿಂತು ಸಾಯುವುದು ಹೆಚ್ಚು. ಸುಗ್ಗಿ ಮುಗಿದ ಮೇಲೆ ಗಾಡಿಯು ಬೇಲಿಯ ಪಕ್ಕದಲ್ಲಿ ಬಿಸಿಲಿಗೆ ಬಿದ್ದಿರುತ್ತದೆ. ಬಿಸಿಲಿನ ಕಿರಣಗಳೂ ವಾಯುಮಂಡಲದಲ್ಲಿರುವ ಓಜೋನೂ ರಬ್ಬರನ್ನು ಸೀಳುತ್ತವೆ. ಇದರಿಂದ ರಕ್ಷಿಸಲು ತಯಾರಕರು ರಬ್ಬರಿನಲ್ಲಿ ಮೇಣದಂಥ ಪದಾರ್ಥಗಳನ್ನು ಬೆರಸಿರುತ್ತಾರೆ. ಟೈರು ಓಡಿ ಮಡಿಯುತ್ತಿದ್ದರೆ ಈ ಮೇಣವು ಹೊರಮೈಗೆ ಜಿನುಗಿ ರಕ್ಷೆಯಾಗುತ್ತದೆ. ನಿಂತ ಟೈರಿಗೆ ಆ ಭಾಗ್ಯವಿಲ್ಲ. ಆದುದರಿಂದಲೇ ಕೆಲಸವಿಲ್ಲದೆ ನಿಂತ ಟೈರಿನ ಗೋಡೆಯಲ್ಲಿ ಬಿರುಕುಗಳು ಹಬ್ಬುತ್ತವೆ. ಬಹುಕಾಲ ನಿಲ್ಲಿಸಬೇಕಾದಾಗ ಹೇರನ್ನಿಳಿಸಿ, ಅಚ್ಚಿನ ಕೆಳಗೆ ಮರದ ದಿಮ್ಮಿಯನ್ನೋ ಕಲ್ಲನ್ನೋ ಭದ್ರವಾಗಿ ಕೊಟ್ಟು, ಗಾಲಿಗಳನ್ನು ನೆಲದಿಂದ ಎತ್ತಿಡಬೇಕು. ಗೋಣಿಯನ್ನಾದರೂ ಹೊದಿಸಿ ಬಿಸಿಲನ್ನು ತಪ್ಪಿಸಬೇಕು. ಎಣ್ಣೆ, ಸೀಮೆಎಣ್ಣೆಗಳನ್ನು ಸವರಿ ಹೊಳಪು ಬರಿಸುವ ಚಪಲ ಬೇಡ. ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸುವುದೂ, ಹತ್ತು ವರ್ಷವಾದದ್ದನ್ನು ಹೇಗೇ ಕಂಡರೂ ತೆಗೆದುಹಾಕುವುದೂ ಜಾಣತನ.

ಟೈರಿನ ಆಯುಸ್ಸು ಅದರ ನೆರೆಹೊರೆಯನ್ನೂ ಅವಲಂಬಿಸಿದೆ. ಕೀಲೆಣ್ಣೆ ಕಾಣದ ಗಾಡಿ ಕಿರುಗುಟ್ಟಿಯಾದರೂ ಎಚ್ಚರಿಸುತ್ತಿತ್ತು. ಗ್ರೀಸು ಒಣಗಿದ ಬೇರಿಂಗು ಸದ್ದಿಲ್ಲದೆ ಕಾಯ್ದು ಗಾಲಿಯನ್ನೇ ಕಳಚಿಬಿಡಬಲ್ಲದು. ಹೇರನ್ನಿಳಿಸಿ ನಿಂತಾಗ ಗಾಲಿಯ ನಡುಭಾಗದ ಬಳಿಗೆ ಕೈ ಒಯ್ದು ನೋಡಿ; ಒಂದು ಕಡೆಯದು ಇನ್ನೊಂದು ಕಡೆಯದಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ರೋಗವಿದೆ. ಗಾಲಿಯನ್ನು ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಬೇಕು. ಕೆಲವು ಮೈಲು ನಡೆದ ಮೇಲೆ ಮತ್ತೊಮ್ಮೆ ಬಿಗಿದು ನೋಡಬೇಕು.

ಪಂಕ್ಚರ್ ಅಂಗಡಿಗಳ ವಿಷಯವಾಗಿ ಒಂದು ಮಾತನ್ನು ಒತ್ತಿ ಹೇಳುವುದು ನಮ್ಮ ಕರ್ತವ್ಯ. ಭಾರದ ಗಾಡಿಗಳ ಚಕ್ರಗಳಲ್ಲಿ ಟೈರನ್ನು ಹಿಡಿದಿಡಲು ಉಕ್ಕಿನ ಬಳೆಯೊಂದು ಇರುವುದುಂಟು. ಅದು ಸರಿಯಾಗಿ ಕೂಡದೆ ಇರುವಾಗ ಗಾಳಿ ತುಂಬಿದರೆ ಗುಂಡಿನಂತೆ ಹಾರಿ ಎದುರಿಗಿದ್ದವರ ಪ್ರಾಣವನ್ನು ತೆಗೆಯಬಲ್ಲದು. ಇಂಥ ಅಂಗಡಿಗಳಲ್ಲಿ ಕೆಲಸ ಮಾಡುವವರು ಅನೇಕ ವೇಳೆ ಎಳೆಯ ವಯಸ್ಸಿನವರು. ಬಿಚ್ಚುವುದಕ್ಕೆ ಮೊದಲು ಗಾಳಿಯನ್ನು ಪೂರ್ತಿ ಬಿಡಬೇಕು. ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು, ಉದ್ದನೆಯ ಕೊಳವೆಯನ್ನು ಹಿಡಿದು ಪಕ್ಕಕ್ಕೆ ನಿಲ್ಲಬೇಕು. ಪಂಜರವಿಲ್ಲದ ಅಂಗಡಿಯಲ್ಲಿ ಇಂಥ ಚಕ್ರಕ್ಕೆ ಗಾಳಿ ತುಂಬಿಸಬೇಡಿರಿ. ಗಾಡಿಯ ಯಜಮಾನನು ಹೀಗೆ ಆಗ್ರಹಪಡಿಸಿದರೆ ಅಂಗಡಿಯವನು ತಾನಾಗಿ ಕಲಿಯುತ್ತಾನೆ.

ಕೊನೆಯದಾಗಿ, ಟೈರು ಎಷ್ಟೇ ಉತ್ತಮವಾಗಿರಲಿ, ಹೇರಿಗೆ ಮಿತಿಯಿರಬೇಕು. ಒಂದು ಸಲಕ್ಕೆ ಒಯ್ಯುವುದನ್ನು ಎರಡು ಸಲ ಮಾಡಿದರೆ ಡೀಸೆಲ್ ಹೆಚ್ಚು ಎಂದು ಲೆಕ್ಕ ಹಾಕುವವರು ಒಡೆದ ಟೈರಿನ ಬೆಲೆಯನ್ನೂ ಉರುಳಿದ ಗಾಡಿಯ ನಷ್ಟವನ್ನೂ ಆ ಲೆಕ್ಕದಲ್ಲಿ ಬರೆಯುವುದಿಲ್ಲ. ಮದುವೆಗೂ ಜಾತ್ರೆಗೂ ಟ್ರೈಲರಿನಲ್ಲಿ ಜನರನ್ನು ತುಂಬಿಕೊಂಡು ಹೋಗುವ ರೂಢಿಯಂತೂ ಕಾನೂನಿಗೂ ವಿವೇಕಕ್ಕೂ ವಿರುದ್ಧ. ಸರಕಿಗಾಗಿ ಮಾಡಿದ ಗಾಡಿಯಲ್ಲಿ ಹೆಂಗಸರೂ ಮಕ್ಕಳೂ ಕುಳಿತಿರುವಾಗ ಟೈರು ಸಿಡಿದರೆ ಆಗುವ ಅನಾಹುತಕ್ಕೆ ಯಾವ ಲೆಕ್ಕವೂ ಸಾಲದು.

ದಿನವೂ ಹೊರಡುವ ಮುಂಚೆ ಗಾಡಿಯನ್ನು ಒಂದು ಪ್ರದಕ್ಷಿಣೆ ಬಂದು, ಗಾಳಿ, ಗೋಡೆ, ನಟ್ಟು, ಬದಲಿ ಗಾಲಿ, ಹಿಂದಣ ಕೆಂಪು ಪ್ರತಿಫಲಕ, ಈ ಐದನ್ನು ನೋಡಲು ಐದು ನಿಮಿಷ ಸಾಕು. ನಿಮ್ಮ ಮನೆಯ ಮುಂದೆ ನೀರಿನ ಗಾಡಿ ನಿಂತಾಗ ಅದರ ಟೈರಿನ ಕಡೆಗೊಮ್ಮೆ ನೋಡಿರಿ. ಗುಳ್ಳೆಯೋ ಬಿರುಕೋ ಕಂಡರೆ ಗಾಡಿಯವನಿಗೆ ಒಂದು ಮಾತು ಹೇಳಿರಿ. ನಡೆಸುವವನ ಕಣ್ಣಿಗೆ ಬೀಳದ ಗಾಲಿಯನ್ನು ಹಿಂದಿರುವವರ ಕಣ್ಣು ಕಾಯಬಹುದು.